ಗಿಡ್ಡ ಗುಂಡಿನ ಬಂದೂಕು

ಎರಡನೇ ಮಹಾಯುದ್ಧದ ಹೊತ್ತಿಗೆ ಕಾಲಾಳುಗಳ ಕೈಲಿ ಹೆಚ್ಚಾಗಿ ಇದ್ದದ್ದು ಎರಡು ಥರದ ಬಂದೂಕು. ದೂರಕ್ಕೆ ಹೊಡೆಯುವ, ಆದರೆ ಒಂದೊಂದೇ ಗುಂಡು ಹಾರಿಸೋ ರೈಫಲ್ ಒಂದು. ಸರಸರ ಹಾರಿಸಿ ಸ್ವಲ್ಪ ದೂರದಲ್ಲೇ ಸುಸ್ತಾಗೋ ಸಬ್‌ಮಷಿನ್ ಗನ್ ಇನ್ನೊಂದು. ಕಾದಾಟವೆಲ್ಲ ಬಹುತೇಕ 400 ಮೀಟರ್ ಒಳಗೇ ನಡೆಯುತ್ತೆ ಅನ್ನೋದು ಜರ್ಮನ್ನರಿಗೆ ಹೊಳೆಯಿತು. 57 ಮಿ.ಮೀ. ಉದ್ದದ ತೋಟೆಯನ್ನು 33ಕ್ಕೆ ಇಳಿಸಿದರು. ನನ್ನ ಪ್ರಕಾರ ಅಸಾಲ್ಟ್ ರೈಫಲ್ ಹುಟ್ಟಿದ್ದು ಇಲ್ಲೇ, ಬಂದೂಕಿನಲ್ಲಲ್ಲ, ಗುಂಡಿನಲ್ಲಿ. ಹಿಟ್ಲರ್‌ಗೆ ಹೊಸ ರೈಫಲ್ ಬೇಡವಾಗಿತ್ತು. ಸೈನ್ಯ ಅದಕ್ಕೆ 'ಎಂಪಿ 43' ಅಂತ ಸಬ್‌ಮಷಿನ್ ಗನ್ನಿನ ಹೆಸರಿಟ್ಟು ರಷ್ಯಾ ರಣರಂಗಕ್ಕೆ ಕಳಿಸಿತು. (ಆಫೀಸಲ್ಲಿ ಬಾಸ್ ಬೇಡ ಅಂದ ಪ್ರಾಜೆಕ್ಟಿಗೆ ನಾವು ಮಾಡೋದೂ ಇದನ್ನೇ.) 1944ರಲ್ಲಿ ಅವನೇ ಒಪ್ಪಿದ. 1949ರಲ್ಲಿ ಸೋವಿಯತ್ ಸೇನೆ ಕಲಾಶ್ನಿಕೋವ್‌ನ ಎಕೆ ಕೈಗೆತ್ತಿಕೊಂಡಿತು.

ನಾವು? 1962ರಲ್ಲಿ ಚೀನಾ ಎದುರು ನಮ್ಮವರ ಕೈಲಿದ್ದದ್ದು ಬೋಲ್ಟ್ ಎಳೆದೆಳೆದು ಹೊಡೆಯೋ .303. ಆಮೇಲೆ ಎಸ್‌ಎಲ್‌ಆರ್ ಬಂತು. 20 ಗುಂಡು, ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ. 1987ರಲ್ಲಿ ಜಾಫ್ನಾದಲ್ಲಿ ಎಲ್‌ಟಿಟಿಇ ಕೈಲಿ 30 ಗುಂಡಿನ ಎಕೆ.

ನಮ್ಮ ಕಳ್ಳಕವಟಗಿಯ ಮಾಜಿ ಸೈನಿಕ ಕಾಕಾ ಒಬ್ಬರು ಆಗ ಅಲ್ಲಿದ್ದರು. "ಬಯಲಾಗ ಎಸ್‌ಎಲ್‌ಆರ್‌ನಂಥಾದ್ದಿಲ್ಲ ತಮ್ಮಾ. ಓಣ್ಯಾಗ ಆ ಉದ್ದಂದು ತಿರುಗಿಸೂದ್ರಾಗ ಅವರು ಅರ್ಧಾ ಮ್ಯಾಗಜಿನ್ ಖಾಲಿ ಮಾಡಿರತಿದ್ರು," ಅಂತಾರೆ.

ಆ ಕಾರ್ಯಾಚರಣೆಯಲ್ಲಿ ಸುಮಾರು 1,200 ಯೋಧರು ತೀರಿಕೊಂಡರು. ಎಲ್ಲಕ್ಕೂ ಬಂದೂಕೇ ಕಾರಣ ಅಂದರೆ ತಪ್ಪಾಗುತ್ತೆ. ಆದರೆ ಗಿಡ್ಡ ಗುಂಡಿನ ನಮ್ಮದೇ ರೈಫಲ್ ಇನ್ಸಾಸ್ ಸೈನ್ಯದ ಕೈಗೆ ಬಂದಿದ್ದು 1990ರ ದಶಕದಲ್ಲಿ, ಜರ್ಮನ್ನರಾದ ಅರ್ಧ ಶತಮಾನದ ಮೇಲೆ.