ಆಂಪ್ಲಿಫೈಯರ್ ಅಳೆಯುವಾಗ ಅಂಕಿ ಕುಣಿದರೆ ಮಲ್ಟಿಮೀಟರ್ ಕೆಟ್ಟಿದೆಯೇ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ ಇರಲಿ, ಮದುವೆ ಇರಲಿ, ಮೈಕ್ ಸೆಟ್ ಬೇಕೇ ಬೇಕು. ಅದರ ಆಂಪ್ಲಿಫೈಯರ್ ರಿಪೇರಿಗೆ ಕುಳಿತಾಗ ಡಿಜಿಟಲ್ ಮಲ್ಟಿಮೀಟರ್‌ನ ಅಂಕಿ ಒಂದೆಡೆ ನಿಲ್ಲದಿದ್ದರೆ ಎರಡು ಮಾತು ಕೇಳುತ್ತೇವೆ: 'ಮೀಟರ್ ಕೆಟ್ಟಿದೆ', 'ಅರ್ಥಿಂಗ್ ತೆಗೆದರೆ ಸರಿಹೋಗುತ್ತದೆ'. ಮೊದಲನೆಯದು ಎಷ್ಟೋ ಸಲ ತಪ್ಪು. ಎರಡನೆಯದು ಜೀವಕ್ಕೇ ಅಪಾಯ.

ಅಂಕಿ ಕುಣಿಯುವುದೇಕೆ?

ಹೆಚ್ಚಿನ ಮೀಟರ್‌ಗಳ ಒಳರೋಧ 10 ಮೆಗಾಓಮ್. ಹಾಗಾಗಿ ಮೀಟರ್ ಸರ್ಕ್ಯೂಟಿಗೆ ಹೊರೆಯಾಗುವುದಿಲ್ಲ. ಆದರೆ ಪ್ರೋಬ್ ವೈರ್‌ಗಳು ಆಂಟೆನಾದಂತೆ ಹಿಡಿಯುವ 50 ಹರ್ಟ್ಸ್ ಕರೆಂಟಿನ ಗದ್ದಲವೂ ಅಳತೆಯಲ್ಲಿ ಸೇರಬಹುದು. ಔಟ್‌ಪುಟ್ ಟ್ರಾನ್ಸಿಸ್ಟರ್‌ನ 0.22 ಓಮ್ ರೆಸಿಸ್ಟರ್‌ನಲ್ಲಿ 50 ಮಿಲಿಆಂಪಿಯರ್ ಹರಿದರೆ ಸಿಗುವುದು 11 ಮಿಲಿವೋಲ್ಟ್ ಮಾತ್ರ. ಇಲ್ಲಿ 2 ಮಿಲಿವೋಲ್ಟ್ ಏರುಪೇರಾದರೂ ಲೆಕ್ಕ ತಪ್ಪುತ್ತದೆ.

ಏನು ಮಾಡಬೇಕು?

1. ಮೀಟರ್ ಅನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಎರಡೂ ಪ್ರೋಬ್ ತುದಿ ಸೇರಿಸಿ. ಅಂಕಿ ಸೊನ್ನೆಯ ಬಳಿ ನಿಂತರೆ ತೊಂದರೆ ಬೇರೆಡೆ ಇದೆ. ನಿಲ್ಲದಿದ್ದರೆ ಮೀಟರ್‌ನ ಬ್ಯಾಟರಿ, ವೈರ್ ನೋಡಿ.

2. ಆಂಪ್ಲಿಫೈಯರ್ ಆಫ್ ಮಾಡಿ ಮೈಕ್ ತೆಗೆಯಿರಿ. ಇನ್‌ಪುಟ್‌ನ ಸಿಗ್ನಲ್ ಪಿನ್ನನ್ನು ಅದರ ಗ್ರೌಂಡ್‌ಗೆ ಶಾರ್ಟ್ ಮಾಡಿ, ಆಮೇಲೆ ಆನ್ ಮಾಡಿ. ತೆರೆದ ಇನ್‌ಪುಟ್ ಹಿಡಿದ ಗದ್ದಲವನ್ನು ಆಂಪ್ಲಿಫೈಯರ್ ಹಲವು ಪಟ್ಟು ಹೆಚ್ಚಿಸುತ್ತದೆ.

3. ಪ್ರೋಬ್ ವೈರ್‌ಗಳನ್ನು ಒಂದಕ್ಕೊಂದು ಸುತ್ತಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇಡಿ. ಪಕ್ಕದ ಮೊಬೈಲ್ ಚಾರ್ಜರ್, ಇನ್ವರ್ಟರ್ ಆಫ್ ಮಾಡಿ.

4. ಡಿಸಿ ಅಳತೆ ಇನ್ನೂ ಕುಣಿದರೆ ಕೆಂಪು ಪ್ರೋಬ್‌ಗೆ 10 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ, ಮೀಟರ್‌ನ ಎರಡು ತುದಿಗಳ ನಡುವೆ 10 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿ. 50 ಹರ್ಟ್ಸ್ ಗದ್ದಲ ಸುಮಾರು 30 ಪಟ್ಟು ತಗ್ಗುತ್ತದೆ. 10 ಮೆಗಾಓಮ್ ಮೀಟರ್‌ನಲ್ಲಿ ಇದರಿಂದಾಗುವ ತಪ್ಪು ಶೇ. 0.1 ಮಾತ್ರ.

ಅರ್ಥಿಂಗ್ ತೆಗೆಯಬಹುದೇ?

ಬೇಡ. ಮಲ್ಟಿಮೀಟರ್ ನಡೆಯುವುದು ಬ್ಯಾಟರಿಯಲ್ಲಿ, ಅದಕ್ಕೆ ಅರ್ಥಿಂಗ್ ಸಂಪರ್ಕವೇ ಇಲ್ಲ. ಆಂಪ್ಲಿಫೈಯರ್ ಮತ್ತು ಮಿಕ್ಸರ್ ಬೇರೆ ಬೇರೆ ಸಾಕೆಟ್‌ನಲ್ಲಿದ್ದಾಗ ಅವುಗಳ ಅರ್ಥಿಂಗ್ ನಡುವೆ ಸುತ್ತು ಏರ್ಪಟ್ಟು ಸ್ಪೀಕರ್‌ನಲ್ಲಿ 'ಹಂ' ಸದ್ದು ಬರಬಹುದು. ಅರ್ಥ್ ಪಿನ್ ತೆಗೆದರೆ ಸದ್ದು ನಿಲ್ಲಬಹುದು, ನಿಜ. ಆದರೆ ಒಳಗೆ ಫೇಸ್ ವೈರ್ ಕ್ಯಾಬಿನೆಟ್‌ಗೆ ತಾಗಿದರೆ 230 ವೋಲ್ಟ್ ಮೈಕ್ ಹಿಡಿದವರ ಕೈಗೂ ಬರಬಹುದು. ಒದ್ದೆ ನೆಲದಲ್ಲಿ ಅದು ಪ್ರಾಣಕ್ಕೇ ಎರವಾಗುತ್ತದೆ. ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡ್‌ಗೆ ಜೋಡಿಸಿ. ಸದ್ದು ಉಳಿದರೆ ಆಡಿಯೋ ಕೇಬಲ್ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ನೆನಪಿಡಿ: ಆಫ್ ಮಾಡಿದ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕೈ ಹಾಕುವ ಮೊದಲು ಅದನ್ನೂ ಮೀಟರ್‌ನಲ್ಲಿ ಅಳೆಯಿರಿ.