ಬೆಟ್ಟದಿಂದಿಳಿದ ಇಬ್ಬರು ಯತಿಗಳು

ಶಂಖಬಸದಿ, ಅನಂತನಾಥ ಬಸದಿಗಳಿಂದ ಹೆಸರಾದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವು ಇದನ್ನು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಕನ್ನಡದ ತಿರುಳ ನಾಡಿನಲ್ಲಿ ಎಣಿಸಿದೆ. ಅದೇ ಅರಸನನ್ನು ಸ್ತುತಿಸಿ, ಸುಮಾರು 850ರಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದವರು ಮಹಾವೀರಾಚಾರ್ಯರು. ಇಂದು ಲಕ್ಷ್ಮೇಶ್ವರದ ಶಾಲೆಗಳಲ್ಲಿ ಹತ್ತನೆಯ ತರಗತಿಯವರು ಅವನತ ಕೋನಕ್ಕಾಗಿ ಬರೆಯುವಂತಹ ಚಿತ್ರವೇ ಅವರ ಕ್ಷೇತ್ರಗಣಿತದ ಒಂದು ಲೆಕ್ಕದಿಂದಲೂ ಮೂಡುತ್ತದೆ.

22 ಮತ್ತು 18 ಯೋಜನ ಎತ್ತರದ ಎರಡು ಬೆಟ್ಟಗಳು. ನಡುವಣ ಅಂತರ 20 ಯೋಜನ. ಶಿಖರಕ್ಕೊಬ್ಬರಂತೆ ನಿಂತ ಆಕಾಶಗಾಮಿ ಯತಿಗಳು ಆಹಾರಕ್ಕಾಗಿ ನಡುವಿನ ನಗರಕ್ಕೆ ನೇರವಾಗಿ ಇಳಿದರು. ಇಬ್ಬರೂ ಸಾಗಿದ ದೂರ ಸಮ. ಹಾಗಾದರೆ ನಗರವು ಯಾವ ಬೆಟ್ಟಕ್ಕೆ ಎಷ್ಟು ದೂರ?

ಎತ್ತರಗಳ ವರ್ಗಗಳು 484 ಮತ್ತು 324; ಅಂತರ 160. ಅದನ್ನು 20ರಿಂದ ಭಾಗಿಸಿದರೆ 8. ಇಪ್ಪತ್ತರಿಂದ ಎಂಟನ್ನು ಕಳೆದು ಅರ್ಧಿಸಿದರೆ 6, ಕೂಡಿ ಅರ್ಧಿಸಿದರೆ 14. ಎತ್ತರದ ಬೆಟ್ಟದ ಬುಡದಿಂದ ನಗರ 6 ಯೋಜನ, ಇನ್ನೊಂದರಿಂದ 14. ಎರಡೂ ಕಡೆ ಕರ್ಣದ ವರ್ಗ 520. ಪ್ರತಿಯೊಬ್ಬ ಯತಿಯ ದಾರಿ ಸುಮಾರು 22.8 ಯೋಜನ.

ಈಗ ಯತಿಯ ಕಣ್ಣಿನ ಮಟ್ಟದಲ್ಲಿ ನೆಲಕ್ಕೆ ಸಮಾಂತರವಾಗಿ ಒಂದು ರೇಖೆಯನ್ನು ಕಲ್ಪಿಸಬೇಕು. ಆ ರೇಖೆಗೂ ನಗರದತ್ತ ಇಳಿಯುವ ದೃಷ್ಟಿರೇಖೆಗೂ ನಡುವಣ ಕೋನವೇ ಅವನತ ಕೋನ. ರೇಖೆಗಳು ಸಮಾಂತರವಾದುದರಿಂದ ನಗರದ ಬಳಿ ನೆಲದೊಡನೆ ಉಂಟಾಗುವ ಕೋನವೂ ಅಷ್ಟೇ. ಎತ್ತರವನ್ನು ನೆಲದ ದೂರದಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್ ದೊರೆಯುತ್ತದೆ: 22ನ್ನು 6ರಿಂದ ಭಾಗಿಸಿದಾಗ ಸುಮಾರು 75 ಡಿಗ್ರಿ, 18ನ್ನು 14ರಿಂದ ಭಾಗಿಸಿದಾಗ ಸುಮಾರು 52 ಡಿಗ್ರಿ. ದಾರಿ ಸಮವಾದರೂ ಇಳಿಜಾರು ಸಮವಲ್ಲ.

ಆದರೆ ಆಚಾರ್ಯರು ಈ ಲೆಕ್ಕದಲ್ಲಿ ಕೋನವನ್ನು ಕೇಳಿಲ್ಲ. ಇದನ್ನು ತೋರಿಸಿ, ತ್ರಿಕೋನಮಿತಿಯನ್ನು ಮೊದಲು ಕಂಡವರು ಜೈನಾಚಾರ್ಯರೆಂದು ಸಭೆಗಳಲ್ಲಿ ಹೇಳಿದರೆ ಅದು ಅಭಿಮಾನವಾದೀತೇ ಹೊರತು ಇತಿಹಾಸವಾಗದು. 499ರ ‘ಆರ್ಯಭಟೀಯ’ದಲ್ಲಿಯೇ ಜ್ಯಾಗಳ ಪಟ್ಟಿಯಿತ್ತು, ಗ್ರಹಗತಿಯನ್ನು ಎಣಿಸುವವರಿಗೆ ಅದು ಬೇಕಿತ್ತು. ಆಚಾರ್ಯರ ಯತಿಗಳಿಗೆ ಬೇಕಾದದ್ದು ದೂರ. ಅದಕ್ಕೆ ಭುಜ, ಕೋಟಿ, ಕರ್ಣಗಳೇ ಸಾಕಾದವು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದು ಈ ವಿದ್ಯೆಯನ್ನು ಕನ್ನಡಕ್ಕೆ ತಂದನು.