ಬೆರಳು ಚಿಕ್ಕದಿದ್ದರೆ ಗಿಟಾರ್ ಬರುವುದಿಲ್ಲವೇ? ಸತ್ಯಾಂಶ ಇಲ್ಲಿದೆ

“ಬೆರಳು ಚಿಕ್ಕದಿದ್ದರೆ, ಪೆಟ್ಟಾಗಿದ್ದರೆ ಗಿಟಾರ್‌ನಲ್ಲಿ ಕಾರ್ಡ್ ಹಿಡಿಯಲು ಆಗದು” ಎನ್ನುವುದುಂಟು. ಇದು ನಿಜವೇ? ನಾವು ನೋಡಿದಂತೆ, ಅಲ್ಲ.

ಚಿಕ್ಕಬಾಣಾವರದಿಂದ ಪೀಣ್ಯಕ್ಕೆ ಹೋಗಿ ಪ್ರೆಸ್ ಮಷಿನ್ ಮುಂದೆ ದುಡಿಯುವವರಿಗೆ ಬೆರಳಿನ ಬೆಲೆ ಗೊತ್ತು. ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯಲ್ಲಿದ್ದ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡರು, ಅದೂ ತಂತಿ ಒತ್ತುವ ಕೈಯದ್ದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳು ತಂತಿ ಹಾಕಿ ನುಡಿಸಿದರು. ಮುಂದೆ ‘ಬ್ಲ್ಯಾಕ್ ಸಬ್ಬತ್’ ತಂಡದ ಗಿಟಾರ್ ವಾದಕರಾಗಿ ಹೆಸರಾದರು.

ನೀವು ಏನು ಮಾಡಬಹುದು?

• ಎರಡು ಫ್ರೆಟ್‌ಗಳ ನಡುವೆ ಅಲ್ಲ, ಮುಂದಿನ ಫ್ರೆಟ್‌ಗೆ ತೀರಾ ಹತ್ತಿರ ಒತ್ತಿ. ಕಡಿಮೆ ಬಲ ಸಾಕು.

• ಬೆರಳು ಚಾಚಲಾಗದಿದ್ದರೆ 3ನೇ ಫ್ರೆಟ್‌ಗೆ ಕೇಪೋ ಹಾಕಿ. 65 ಸೆಂ.ಮೀ. ತಂತಿಯ ಗಿಟಾರ್‌ನಲ್ಲಿ ಮೊದಲ ಮನೆ ಸುಮಾರು 36 ಮಿ.ಮೀ. ಅಗಲ, ಕೇಪೋ ನಂತರದ ಮನೆ ಸುಮಾರು 31 ಮಾತ್ರ.

• ತಂತಿ ಎತ್ತರದಲ್ಲಿದ್ದರೆ ರಿಪೇರಿ ಅಂಗಡಿಯಲ್ಲಿ ತಗ್ಗಿಸಿಕೊಳ್ಳಿ. ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಇನ್ನೂ ಮೆದು.

• ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಜೋಮು ಅಥವಾ ಮಣಿಕಟ್ಟಿನ ನೋವು ಬಂದರೆ ನುಡಿಸುವುದು ನಿಲ್ಲಿಸಿ, ವೈದ್ಯರನ್ನು ಕಾಣಿ.

ಹೀಗಾಗಿ, ಬೆರಳಿನ ಅಳತೆ ನೋಡಿ ಗಿಟಾರ್ ಕೈಬಿಡಬೇಡಿ.